ಎತ್ತಿದ್ದನ್ನು ಅಲ್ಲೇ ಇಡಿ

ಒಂದು ಗೇಣುದ್ದದ ಮರದ ಚೂರು. ಗಾಳಿಗೋ ಉಪ್ಪಿಗೋ ಬೂದಿಬಣ್ಣಕ್ಕೆ ತಿರುಗಿತ್ತು. ಒಂದು ತುದಿಯಲ್ಲಿ ಮೊಳೆ, ಅರ್ಧ ಒಳಗೆ, ಅರ್ಧ ಹೊರಗೆ. ಅದರ ಮೈ ದುಂಡಗಿರಲಿಲ್ಲ, ಚೌಕವಾಗಿತ್ತು. ಅಂದರೆ ಯಾರೋ ಕಮ್ಮಾರ ಬಡಿದು ಮಾಡಿದ್ದು, ಯಂತ್ರದ್ದಲ್ಲ. ಮೂವತ್ತೊಂದು ವರ್ಷ ಹಳೇ ಗೋಡೆ, ಹಳೇ ಕಲ್ಲು, ಮಡಕೆ ಚೂರುಗಳ ನಕ್ಷೆ ಬರೆದು ನಿವೃತ್ತಳಾದವಳಿಗೆ ಇಂಥದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ. ಬಗ್ಗಿ ಎತ್ತಿಕೊಂಡೆ.

"ಅಲ್ಲೇ ಇಡಿ" ಅಂದಳು ಹಿಂದಿನಿಂದ ಗೈಡ್ ಹುಡುಗಿ. ಹೆಗಲ ಮೇಲೆ ರೈಫಲ್ ಇತ್ತು. ಅದು ಹಿಮಕರಡಿಗೆ, ನನಗಲ್ಲ. ಆದರೂ ಎದೆ ಧಸಕ್ಕೆಂದಿತು. "ಎಲ್ಲಿಂದ ಎತ್ತಿದಿರೋ ಅಲ್ಲಿಗೇ. ಯಾವ ಮಗ್ಗುಲು ಮೇಲಿತ್ತೋ ಅದೇ ಮೇಲೆ ಬರಲಿ."

ಹಿಂದಿನ ಸಂಜೆ ಹಡಗಿನಲ್ಲಿ ಇದನ್ನೆಲ್ಲ ಎಲ್ಲರಿಗೂ ತಿಳಿಸಿ ಹೇಳಿದ್ದರಂತೆ. ಆಗ ನಾನು ಹೊಟ್ಟೆ ತೊಳಸಿ ಕ್ಯಾಬಿನ್ನಿನಲ್ಲಿ ಮಲಗಿದ್ದೆ. ಸೊಸೆ ಕೇಳಿಸಿಕೊಂಡು ಬಂದಿದ್ದಳು, ನನಗೆ ಹೇಳುವುದನ್ನು ಮರೆತಿದ್ದಳು. ಮಗ, ಸೊಸೆ ನಾರ್ವೆಗೆ ಹೋಗಿ ಆರು ವರ್ಷ. ನನ್ನ ನಿವೃತ್ತಿಗೆ ಉಡುಗೊರೆ ಅಂತ ಈ ಹಡಗಿನ ಪ್ರವಾಸ ಕೊಡಿಸಿದ್ದರು. ಬೇರೆಯವರೆಲ್ಲ ಕರಡಿ, ವಾಲ್ರಸ್ ನೋಡಲು ಬಂದಿದ್ದರು. ನಾನು ಬಂದ ಎರಡನೇ ದಿನವೇ ಕಾನೂನು ಮುರಿದೆ.

ಮರದ ಚೂರನ್ನು ಮರಳಿನಲ್ಲಿ ಅದು ಬಿಟ್ಟಿದ್ದ ಗುಳಿಯಲ್ಲೇ ಮಲಗಿಸಿದೆ. ಗೈಡ್ ಹುಡುಗಿ ಬಗ್ಗಿ ನೋಡಿ, ಮೊಳೆಯ ದಿಕ್ಕು ಸರಿಪಡಿಸಿದಳು. ಆಗ ಅವಳ ಮೇಲೆ ಗೌರವ ಬಂತು. ನಮ್ಮ ಕೆಲಸದಲ್ಲಿ ಇಷ್ಟು ಶಿಸ್ತಿನವರು ಅಪರೂಪ.

ಜಾಗದ ಹೆಸರು ಸ್ಮೇರೆನ್‌ಬರ್ಗ್. ಸ್ವಾಲ್ಬಾರ್ಡ್ ದ್ವೀಪಸಮೂಹದ ವಾಯುವ್ಯ ಮೂಲೆಯಲ್ಲಿ ಆಮ್‌ಸ್ಟರ್‌ಡಾಮ್ ಎಂಬ ಪುಟ್ಟ ದ್ವೀಪವಿದೆ. ಅದರ ಚಪ್ಪಟೆ ಮರಳುತುದಿಯೇ ಇದು. ಅಲ್ಲಿಂದ ಉತ್ತರ ಧ್ರುವಕ್ಕೆ ಸಾವಿರದ ನೂರು ಚಿಲ್ಲರೆ ಕಿಲೋಮೀಟರ್, ಅಷ್ಟೇ. ಜುಲೈ ತಿಂಗಳು, ರಾತ್ರಿ ಹತ್ತು ಗಂಟೆಗೆ ಬಿಸಿಲು. ಒಂದು ಮರವಿಲ್ಲ. ನೆಲಕ್ಕೆ ಅಂಟಿಕೊಂಡ ಪಾಚಿ, ಕಲ್ಲು, ದೂರದ ಸೈಬೀರಿಯಾದ ನದಿಗಳಿಂದ ತೇಲಿಬಂದ ದಿಮ್ಮಿಗಳು, ಎದುರಿಗೆ ಕಡಲಿಗಿಳಿಯುವ ಹಿಮನದಿಗಳು. ಮನುಷ್ಯರ ಗುರುತು ಎಲ್ಲಿದೆ ಅಂತ ಹುಡುಕಿದರೆ ಮೊದಲಿಗೆ ಏನೂ ಕಾಣುವುದಿಲ್ಲ. ಆಮೇಲೆ ಕಾಲ ಬುಡದಲ್ಲೇ ಇದೆ ಅಂತ ಗೊತ್ತಾಗುತ್ತದೆ.

ಸ್ವಾಲ್ಬಾರ್ಡ್‌ನ ಕಾನೂನು ಹೇಳಲು ಸುಲಭ, ನಂಬಲು ಕಷ್ಟ. 1945ರವರೆಗೆ ಮನುಷ್ಯ ಅಲ್ಲಿ ಏನೇನು ಬಿಟ್ಟುಹೋಗಿದ್ದಾನೋ ಅಷ್ಟೂ ತಾನಾಗಿಯೇ ಸಂರಕ್ಷಿತ. ಯಾರೂ ಅಧಿಸೂಚನೆ ಹೊರಡಿಸಬೇಕಾಗಿಲ್ಲ, ಫಲಕ ನೆಡಬೇಕಾಗಿಲ್ಲ. ಮನೆಯ ತಳಪಾಯವೂ ಸ್ಮಾರಕ, ಒಡೆದ ಪೀಪಾಯಿಯ ಹಲಗೆಯೂ ಸ್ಮಾರಕ, ನನ್ನ ಚೌಕ ಮೊಳೆಯೂ ಸ್ಮಾರಕ. ನೆಲದಲ್ಲಿ ನಾಟಿರುವಂಥದ್ದಾದರೆ ಸುತ್ತಲೂ 100 ಮೀಟರ್ ರಕ್ಷಣಾ ವಲಯ. ಅದರೊಳಗೆ ಡೇರೆ ಹಾಕುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಕೆಲವಕ್ಕಂತೂ 1945ರ ಗೆರೆಯೂ ಇಲ್ಲ: ಸಮಾಧಿಗಳು, ಶಿಲುಬೆಗಳು, ಮನುಷ್ಯರ ಎಲುಬಿನ ಚೂರು, ವಾಲ್ರಸ್ ಮತ್ತು ತಿಮಿಂಗಿಲಗಳನ್ನು ಕೊಂದ ಜಾಗದಲ್ಲಿ ಬಿದ್ದಿರುವ ಮೂಳೆರಾಶಿ, ಹಿಮಕರಡಿಯನ್ನು ಕೊಲ್ಲಲು ಬೇಟೆಗಾರರು ಒಡ್ಡುತ್ತಿದ್ದ ಬಂದೂಕಿನ ಪೆಟ್ಟಿಗೆಯ ಬಳಿ ಬಿದ್ದ ಮೂಳೆಗಳು. ಇವು ಯಾವ ಕಾಲದವಾದರೂ ಮುಟ್ಟುವಂತಿಲ್ಲ. 1974ರಲ್ಲಿ ಮೊದಲು ನಿಯಮ ಬಂದಾಗ 1900ಕ್ಕಿಂತ ಹಿಂದಿನವಕ್ಕೆ ಮಾತ್ರ ರಕ್ಷಣೆ ಇತ್ತು. ಆಮೇಲೆ ಗೆರೆ ಮುಂದೆ ಸರಿಯಿತು. ಈಗಿರುವ ಪರಿಸರ ಸಂರಕ್ಷಣಾ ಕಾಯ್ದೆ 2002ರ ಜುಲೈ 1ರಿಂದ ಜಾರಿಯಲ್ಲಿದೆ.

100 ಮೀಟರ್ ಅಂದ ಕೂಡಲೇ ನನಗೆ ನಗು ಬಂತು. ನಮ್ಮಲ್ಲೂ ಕೇಂದ್ರದ ಸಂರಕ್ಷಿತ ಸ್ಮಾರಕಗಳಿಗೆ 100 ಮೀಟರ್ ನಿಷೇಧಿತ ವಲಯವಿದೆ. ಆ ಗೆರೆಯನ್ನು ಎಷ್ಟೋ ನಕ್ಷೆಗಳ ಮೇಲೆ ನಾನೇ ಕೆಂಪು ಶಾಯಿಯಲ್ಲಿ ಎಳೆದಿದ್ದೇನೆ. ಎಳೆದ ಮೇಲೆ ಗೆರೆಯೊಳಗೆ ಏನೇನು ಎದ್ದಿತು ಅನ್ನುವುದು ಬೇರೆ ಕತೆ, ಬಿಡಿ.

ಇಲ್ಲೊಂದು ವಿಚಿತ್ರವಿದೆ. ಸ್ವಾಲ್ಬಾರ್ಡ್‌ಗೆ ಮೂಲನಿವಾಸಿಗಳೇ ಇರಲಿಲ್ಲ. ಡಚ್ ನಾವಿಕ ವಿಲೆಮ್ ಬ್ಯಾರೆಂಟ್ಸ್ 1596ರಲ್ಲಿ ಕಂಡಾಗ ಅಲ್ಲಿ ಯಾರೂ ಇರಲಿಲ್ಲ. ಅಲ್ಲಿಂದೀಚೆಗೆ ಬಂದವರೆಲ್ಲ ಏನನ್ನೋ ಒಯ್ಯಲು ಬಂದವರು. ತಿಮಿಂಗಿಲದ ಎಣ್ಣೆ, ವಾಲ್ರಸ್ ದಂತ, ನರಿಯ ತುಪ್ಪಳ, ಕಲ್ಲಿದ್ದಲು, ಅಮೃತಶಿಲೆ, ಕೊನೆಗೆ ಕೀರ್ತಿ. ಗುಡಿ ಕಟ್ಟಿದವರಲ್ಲ, ಕೆರೆ ತೋಡಿದವರಲ್ಲ. ಬಂದರು, ದೋಚಿದರು, ಸತ್ತರು ಇಲ್ಲವೇ ಹೋದರು. ಹೋಗುವಾಗ ಗುಡಿಸಿ ಹೋಗಲಿಲ್ಲ. ಆ ಗುಡಿಸದ ಕಸವೇ ಇಲ್ಲಿನ ಪರಂಪರೆ. ಮೊದಮೊದಲು ಇದು ನನಗೆ ಬಡಾಯಿ ಅನ್ನಿಸಿತ್ತು. ಊರಿಗೆ ಮರಳುವ ಹೊತ್ತಿಗೆ ಹಾಗನ್ನಿಸಲಿಲ್ಲ.

ಸ್ಮೇರೆನ್‌ಬರ್ಗ್ ಅಂದರೆ ಡಚ್ ಭಾಷೆಯಲ್ಲಿ ಹೆಚ್ಚುಕಡಿಮೆ 'ಕೊಬ್ಬಿನ ಊರು'. 1614ರಲ್ಲಿ ಹುಟ್ಟಿದ 'ನೋರ್ಡ್ಸೆ ಕಂಪನಿ' ಎಂಬ ಡಚ್ ವ್ಯಾಪಾರಿ ಕೂಟ ಇಲ್ಲಿ ನೆಲೆ ಹಾಕಿತು. ಅದರಲ್ಲಿ ಒಂದೊಂದು ಪಟ್ಟಣದವರಿಗೆ ಒಂದೊಂದು ಪಾಲು, ದಡದ ಮೇಲೆ ಒಂದೊಂದು ಒಲೆ. ಅವರು ಬೆನ್ನು ಹತ್ತಿದ್ದು ಬೋಹೆಡ್ ತಿಮಿಂಗಿಲವನ್ನು. ಪಾಪದ ಪ್ರಾಣಿ. ನಿಧಾನಕ್ಕೆ ಈಜುತ್ತದೆ, ಸತ್ತರೆ ಮುಳುಗುವುದಿಲ್ಲ, ಮೈತುಂಬ ದಪ್ಪ ಕೊಬ್ಬು. ದಡಕ್ಕೆಳೆದು ಕೊಬ್ಬನ್ನು ಕತ್ತರಿಸಿ ದೊಡ್ಡ ತಾಮ್ರದ ಹಂಡೆಗಳಲ್ಲಿ ಕುದಿಸುತ್ತಿದ್ದರು. ಎಣ್ಣೆ ಪೀಪಾಯಿಗಳಲ್ಲಿ ತುಂಬಿ ಆಮ್‌ಸ್ಟರ್‌ಡಾಮ್‌ಗೆ ಹೋಗುತ್ತಿತ್ತು, ದೀಪಕ್ಕೆ, ಸಾಬೂನಿಗೆ. ಬಾಯೊಳಗಿನ ಬಲೀನ್ ಪಟ್ಟಿ ಹೆಂಗಸರ ಸೊಂಟ ಬಿಗಿಯುವ ಉಡುಪಿಗೆ.

ನಾನು ಕಣ್ಣಾರೆ ಕಂಡದ್ದು ಆ ಒಲೆಗಳ ಉಳಿಕೆ. ದುಂಡಗೆ, ಕರ್ರಗೆ, ನೆಲದಿಂದ ತುಸು ಮೇಲೆದ್ದ ಬಳೆಗಳು. ಮೊದಲ ನೋಟಕ್ಕೆ ಡಾಂಬರು ಅಂದುಕೊಂಡೆ. ಅದು ಕೊಬ್ಬು! ಹಂಡೆಯಿಂದ ಉಕ್ಕಿ ಚೆಲ್ಲಿದ ಎಣ್ಣೆ ಮರಳು, ಜಲ್ಲಿಕಲ್ಲಿನ ಜತೆ ಸೇರಿ ಕಾಂಕ್ರೀಟಿನ ಹಾಗೆ ಗಟ್ಟಿಯಾಗಿದೆ. ಒಲೆಯ ಇಟ್ಟಿಗೆ ಬಹುಪಾಲು ಹೋಗಿದೆ, ಒಲೆಯ ಸುತ್ತ ಚೆಲ್ಲಿದ್ದು ಉಳಿದಿದೆ. ಸುಮಾರು ನಾನೂರು ವರ್ಷದ ಹಿಂದಿನ ಅಡುಗೆಮನೆಯಲ್ಲಿ ಒಲೆ ಹೋಗಿ, ಉಕ್ಕಿದ ಹಾಲಿನ ಕಲೆ ಮಾತ್ರ ಉಳಿದಂತೆ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಪುಸ್ತಕ ತೆಗೆದು ಬಳೆಯ ಸುತ್ತು ಬರೆಯತೊಡಗಿದೆ. ಟೇಪು ಇರಲಿಲ್ಲ, ಇದ್ದರೂ ಚಾಚಲು ಬಿಡುತ್ತಿರಲಿಲ್ಲ. ಹೆಜ್ಜೆಯ ಲೆಕ್ಕದಲ್ಲಿ ಅಂದಾಜು ಮಾಡಿದೆ.

ಸ್ಮೇರೆನ್‌ಬರ್ಗ್ ಬಗ್ಗೆ ಬಹಳ ಕಾಲ ಒಂದು ದಂತಕತೆ ಓಡಾಡುತ್ತಿತ್ತು. ಇಲ್ಲಿ ಸಾವಿರಾರು ಜನರಿದ್ದರು, ಬೀದಿಗಳಿದ್ದವು, ಬೇಕರಿ, ಚರ್ಚು, ಜೂಜಿನ ಮನೆ, ಸೂಳೆಯರ ಮನೆ ಎಲ್ಲ ಇತ್ತು ಅಂತ. ಡಚ್ ಪುರಾತತ್ತ್ವಜ್ಞ ಲಾವ್ರೆನ್ಸ್ ಹಾಕೆಬೋರ್ಡ್ 1979ರಿಂದ 1981ರವರೆಗೆ ಇಲ್ಲಿ ಉತ್ಖನನ ನಡೆಸಿದರು. ಕಟ್ಟಡಗಳು ಇಪ್ಪತ್ತನ್ನೂ ಮುಟ್ಟಲಿಲ್ಲ. ಬೇಸಿಗೆಯ ಭರಾಟೆಯಲ್ಲೂ ಇದ್ದವರು ಸುಮಾರು 200 ಜನ. ಉತ್ಖನನ ಅನ್ನುವುದು ಹೀಗೇ, ಕತೆಯ ಮೈಕೊಬ್ಬು ಇಳಿಸುತ್ತದೆ. 1660ರ ಆಸುಪಾಸಿಗೆ ಈ ದಡ ಬರಿದಾಯಿತು. ಕೊಲ್ಲಿಯ ತಿಮಿಂಗಿಲಗಳು ಮುಗಿದವು. ಬೇಟೆ ದೂರದ ತೆರೆದ ಕಡಲಿಗೆ, ಮಂಜುಗಡ್ಡೆಯ ಅಂಚಿಗೆ ಸರಿಯಿತು.

ಒಲೆಗಳನ್ನು ಕಾಯಲೆಂದು 1633ರ ಚಳಿಗಾಲದಲ್ಲಿ ಏಳು ಮಂದಿಯನ್ನು ಇಲ್ಲೇ ಬಿಟ್ಟುಹೋದರು. ಮರುವರ್ಷ ಹಡಗು ಬಂದಾಗ ಏಳೂ ಜನ ಬದುಕಿದ್ದರು. ಪರವಾಗಿಲ್ಲವಲ್ಲ ಅಂತ ಆ ಚಳಿಗಾಲಕ್ಕೆ ಇನ್ನೇಳು ಮಂದಿಯನ್ನು ಬಿಟ್ಟರು. ಆ ಏಳರಲ್ಲಿ ಒಬ್ಬನೂ ಉಳಿಯಲಿಲ್ಲ. ಕೊಂದದ್ದು ಸ್ಕರ್ವಿ, ತಾಜಾ ಸೊಪ್ಪು ಹಣ್ಣು ಇಲ್ಲದೆ ಬರುವ ರೋಗ. ಅದಕ್ಕೆ ಮದ್ದಾದ ಒಂದು ಸೊಪ್ಪು ಅಲ್ಲೇ ಹಕ್ಕಿಗಳ ಕಡಿಬಂಡೆಯ ಕೆಳಗೆ ಬೆಳೆಯುತ್ತದೆ. ಚಳಿಗಾಲದ ಕತ್ತಲಲ್ಲಿ, ಹಿಮದ ಅಡಿಯಲ್ಲಿ, ಅದನ್ನು ಎಲ್ಲಿ ಹುಡುಕುವುದು?

ಎದುರಿನ ಫಿಯೋರ್ಡ್‌ನ, ಅಂದರೆ ಕಡಲತೋಳಿನ, ಆಚೆ ದಡದಲ್ಲಿ ಲಿಕ್‌ನೆಸೆಟ್ ಇದೆ. ಹೆಸರಿನ ಅರ್ಥ 'ಹೆಣದ ಭೂಶಿರ'. ಬೇಟೆಗಾರರ ಇನ್ನೂರಕ್ಕೂ ಹೆಚ್ಚು ಸಮಾಧಿಗಳು ಅಲ್ಲಿವೆ. 2010ರಿಂದ ಅಲ್ಲಿಗೆ ಪ್ರವಾಸಿಗಳನ್ನು ಬಿಡುವುದಿಲ್ಲ. ದುರ್ಬೀನಿನಲ್ಲಿ ನೋಡಿದೆ, ಬೂದು ಕಲ್ಲುಗುಡ್ಡೆ ಬಿಟ್ಟರೆ ಏನೂ ಕಾಣಲಿಲ್ಲ. ಆದರೆ ಅಂಥವರ ತಲೆಯ ಮೇಲಿದ್ದ ಟೋಪಿಗಳನ್ನು ನಾನು ಮೊದಲೇ ನೋಡಿದ್ದೆ. ಹೋಗುವ ದಾರಿಯಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಎರಡು ದಿನ ಇದ್ದೆವು, ರೈಕ್ಸ್ ಮ್ಯೂಸಿಯಂನಲ್ಲಿ ಆ ಟೋಪಿಗಳಿವೆ. 1980ರಲ್ಲಿ ಹತ್ತಿರದ ಇನ್ನೊಂದು ದ್ವೀಪದಲ್ಲಿ 185 ಬೇಟೆಗಾರರ ಸಮಾಧಿಗಳನ್ನು ಪರಿಶೀಲಿಸಿದಾಗ ಸಿಕ್ಕ ಉಣ್ಣೆಯ ಹೆಣಿಗೆ ಟೋಪಿಗಳು ಅವು. ರೆಂಬ್ರಾಂಟ್‌ನ ಚಿತ್ರಕ್ಕೆ ಜನ ಮುಗಿಬಿದ್ದಿದ್ದರು, ಟೋಪಿಗಳ ಮುಂದೆ ನಾನೊಬ್ಬಳೇ. ಒಂದರ ಪಟ್ಟೆ ಇನ್ನೊಂದರ ಪಟ್ಟೆಯಂತಿಲ್ಲ. ಚಳಿಗೆ ಮೈಯೆಲ್ಲ ಹೊದ್ದು ಕಣ್ಣು ಮಾತ್ರ ಕಾಣುತ್ತಿದ್ದವರು ಒಬ್ಬರನ್ನೊಬ್ಬರು ಗುರುತಿಸುತ್ತಿದ್ದದ್ದು ಟೋಪಿಯ ಪಟ್ಟೆಯಿಂದ ಅಂತ ಮ್ಯೂಸಿಯಂನವರು ಬರೆದಿದ್ದಾರೆ. ಸಮಾಧಿಯಲ್ಲೂ ಆ ಟೋಪಿ ತಲೆಯ ಮೇಲೇ ಇತ್ತು. ಹೆಸರು ಬರೆದ ಕಲ್ಲಿಲ್ಲ, ಊರು ಗೊತ್ತಿಲ್ಲ, ಆದರೆ ಯಾರೋ ತಾಯಿಯೋ ಹೆಂಡತಿಯೋ ಆರಿಸಿ ಹಾಕಿದ ಬಣ್ಣ ಉಳಿದಿದೆ. ನಾನೂ ಹೆಣಿಗೆ ಹಾಕುವವಳು. ಒಂದು ಟೋಪಿಯ ಅಂಚಿನಲ್ಲಿ ಕಣ್ಣಿ ತಪ್ಪಿದಂತೆ ಕಂಡಿತು. ಗಾಜಿಗೆ ಮೂಗು ಒತ್ತಿ ನೋಡಿದೆ, ಕಾವಲಿನವ ಕೆಮ್ಮಿದ.

ಈ ಬಟ್ಟೆ ಉಳಿದದ್ದು ಚಳಿಯ ಪುಣ್ಯ. ಸ್ವಾಲ್ಬಾರ್ಡ್‌ನಲ್ಲಿ ಮೇಲಿನ ಒಂದಿಷ್ಟು ಮಣ್ಣು ಮಾತ್ರ ಬೇಸಿಗೆಯಲ್ಲಿ ಕರಗುತ್ತದೆ. ಅದರಡಿ ಎಂದೂ ಕರಗದ ಹೆಪ್ಪುನೆಲ. ಅಲ್ಲಿ ಬೂಷ್ಟಿಗೆ ಕೆಲಸವಿಲ್ಲ, ಹುಳಕ್ಕೆ ದಾರಿಯಿಲ್ಲ. ಆದರೆ ಅದೇ ನೆಲಕ್ಕೆ ಇನ್ನೊಂದು ಚಾಳಿಯೂ ಇದೆ. ವರ್ಷವರ್ಷವೂ ಕರಗಿ, ಮತ್ತೆ ಹೆಪ್ಪುಗಟ್ಟಿ ಉಬ್ಬುವಾಗ, ಹೂತಿಟ್ಟದ್ದನ್ನು ಇಂಚಿಂಚಾಗಿ ಮೇಲಕ್ಕೆ ತಳ್ಳುತ್ತದೆ. ಶವಪೆಟ್ಟಿಗೆಗಳು ತಾವಾಗಿಯೇ ಎದ್ದು ಬರುತ್ತವೆ.

ಸ್ಮೇರೆನ್‌ಬರ್ಗ್‌ನ ಎದುರಿಗೇ, ಕಿರಿದಾದ ಜಲಸಂಧಿಯಾಚೆ, ಡೇನ್ ದ್ವೀಪದ ವಿರ್ಗೊಹಾಮ್ನಾ. ಇಲ್ಲಿ ಇಳಿಯಲು ಸ್ವಾಲ್ಬಾರ್ಡ್ ಗವರ್ನರ್ ಕಚೇರಿಯ ವಿಶೇಷ ಅನುಮತಿ ಬೇಕು, ನಮ್ಮ ಹಡಗಿಗೆ ಇರಲಿಲ್ಲ. ರಬ್ಬರ್ ದೋಣಿಯಲ್ಲಿ ದಡದ ಹತ್ತಿರ ನಿಧಾನಕ್ಕೆ ಸುತ್ತು ಹಾಕಿಸಿದರು. ಅರ್ಧ ಗಂಟೆ ಅಷ್ಟೇ. ಇಡೀ ಪ್ರವಾಸದಲ್ಲಿ ನನ್ನ ಮನಸ್ಸು ಹಿಡಿದದ್ದು ಆ ಅರ್ಧ ಗಂಟೆ.

ನಮ್ಮಲ್ಲಿ ಕಾಲ ಒಂದರ ಮೇಲೊಂದು ಕೂತಿರುತ್ತದೆ. ಮೇಲಿನ ಪದರ ಕೆತ್ತಿದರೆ ಕೆಳಗೆ ಹಳೆಯದು, ಅದರಡಿ ಇನ್ನೂ ಹಳೆಯದು. ಅಡ್ಡಕೊಯ್ತದ ನಕ್ಷೆ ಬರೆಯುವಾಗ ಒಂದೊಂದು ಪದರಕ್ಕೆ ಒಂದೊಂದು ಸಂಖ್ಯೆ ಕೊಡುತ್ತೇವೆ. ವಿರ್ಗೊಹಾಮ್ನಾದಲ್ಲಿ ಮಣ್ಣು ಕೂರುವುದೇ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಾಲಗಳು ಪಕ್ಕಪಕ್ಕದಲ್ಲಿ ಬಯಲಲ್ಲೇ ಬಿದ್ದಿವೆ. ಹದಿನೇಳನೇ ಶತಮಾನದ ಡಚ್ಚರ ಕೊಬ್ಬಿನ ಒಲೆ. ಅದರ ಹತ್ತಿರವೇ 1888ರಲ್ಲಿ ಆರ್ನಾಲ್ಡ್ ಪೈಕ್ ಎಂಬ ಆಂಗ್ಲ ಶ್ರೀಮಂತ ಚಳಿಗಾಲ ಕಳೆಯಲು ಕಟ್ಟಿಸಿದ ಮನೆಯ ಜಾಗ. ಪಕ್ಕದಲ್ಲಿ 1896-97ರ ಬಲೂನಿನವರ ಅವಶೇಷ. ಅದರಾಚೆ 1906ರಿಂದ 1909ರವರೆಗೆ ವಾಯುನೌಕೆಯಲ್ಲಿ ಧ್ರುವ ಮುಟ್ಟಲು ಹೆಣಗಿದ ಅಮೆರಿಕದ ಪತ್ರಕರ್ತ ವಾಲ್ಟರ್ ವೆಲ್‌ಮನ್‌ನ ಕುಸಿದ ಹ್ಯಾಂಗರಿನ ಮರದ ರಾಶಿ. ಅಗೆಯದೆಯೇ ಓದಬಹುದಾದ ಪುಟ. ಅದಕ್ಕೇ ಅಲ್ಲಿ ಒಂದು ಬೂಟು ತಪ್ಪಿಟ್ಟರೂ ಒಂದು ಶತಮಾನ ಇನ್ನೊಂದರೊಳಗೆ ಬೆರೆತುಹೋಗುತ್ತದೆ.

ಬಲೂನಿನ ಕತೆ ನಿಮಗೆ ಗೊತ್ತಿರಬಹುದು. ಸ್ವೀಡನ್ನಿನ ಎಂಜಿನಿಯರ್ ಸಲೊಮೊನ್ ಆಂಡ್ರೆ, ಛಾಯಾಗ್ರಾಹಕ ನಿಲ್ಸ್ ಸ್ಟ್ರಿಂಡ್‌ಬರ್ಗ್, ಕ್ನೂಟ್ ಫ್ರೆಂಕೆಲ್. 1896ರಲ್ಲಿ ಅನುಕೂಲದ ಗಾಳಿ ಬೀಸಲಿಲ್ಲವೆಂದು ಆಂಡ್ರೆ ಬರಿಗೈಲಿ ಮರಳಿದ್ದ. ಮರುವರ್ಷ ಈ ಮೂವರು ಬಂದರು. ಕಬ್ಬಿಣದ ಪುಡಿಗೆ ಗಂಧಕಾಮ್ಲ ಸುರಿದು ಅಲ್ಲೇ ಹೈಡ್ರೋಜನ್ ತಯಾರಿಸಿ, 'ಓರ್ನೆನ್' ಅಂದರೆ 'ಹದ್ದು' ಎಂಬ ಬಲೂನನ್ನು ತುಂಬಿಸಿ, 1897ರ ಜುಲೈ 11ರಂದು ಏರಿದರು. ಬಲೂನಿಗೆ ದಿಕ್ಕು ಕೊಡಬೇಕಾದ ಹಗ್ಗಗಳ ಬಹುಭಾಗ ಏರಿದ ಕೆಲವೇ ನಿಮಿಷಗಳಲ್ಲಿ ಕಳಚಿ ಬಿತ್ತು. ಮೂರನೇ ದಿನಕ್ಕೆ ಮಂಜುಗಡ್ಡೆಯ ಮೇಲಿಳಿದರು. ವಾರಗಟ್ಟಲೆ ಸಾಮಾನೆಳೆದುಕೊಂಡು ನಡೆದು, ಕೊನೆಗೆ ಪೂರ್ವದ ಕ್ವಿಟೋಯಾ ಎಂಬ ಹಿಮದ್ವೀಪ ಸೇರಿದರು. ಅಲ್ಲೇ ಸತ್ತರು. ಮೂವತ್ಮೂರು ವರ್ಷ ಲೋಕಕ್ಕೆ ಸುದ್ದಿಯೇ ಇಲ್ಲ. 1930ರಲ್ಲಿ ನಾರ್ವೆಯ ಹಡಗುಗಳಲ್ಲಿ ಹೋದವರು ದೇಹಗಳನ್ನು, ದಿನಚರಿಯನ್ನು, ಕ್ಯಾಮೆರಾವನ್ನು ಕಂಡರು. ಫಿಲ್ಮ್ ಅಷ್ಟೂ ವರ್ಷ ಹಿಮದಲ್ಲಿತ್ತು. ತೊಳೆದಾಗ 93 ಚಿತ್ರಗಳು ಬಂದವು. ಅವುಗಳಲ್ಲೊಂದರಲ್ಲಿ ಬಲೂನು ಒಂದು ಮಗ್ಗುಲಿಗೆ ಮಲಗಿದೆ, ಇಬ್ಬರು ಅದನ್ನು ನೋಡುತ್ತ ನಿಂತಿದ್ದಾರೆ.

ವಿರ್ಗೊಹಾಮ್ನಾದ ದಡದಲ್ಲಿ ಆಂಡ್ರೆಯ ಬಲೂನುಮನೆಯ ಮರದ ತುಂಡುಗಳು, ಅನಿಲ ತಯಾರಿಸಿದ ಸಾಮಾನಿನ ಚೂರುಗಳು ಇಂದಿಗೂ ಬಿದ್ದಿವೆ. 1974ಕ್ಕೆ ಮುಂಚೆ ಹಡಗಿನಲ್ಲಿ ಬಂದವರು ನೆನಪಿಗೆ ಅಂತ ಒಂದೊಂದು ಚೂರು ಒಯ್ಯುತ್ತಿದ್ದರು ಅಂತ ಗೈಡ್ ಹೇಳಿದಳು. ನನ್ನತ್ತ ನೋಡಲಿಲ್ಲ, ಪುಣ್ಯ.

ಇನ್ನೊಂದು ವಿಷಯ ಆಮೇಲೆ ಓದಿ ತಿಳಿದದ್ದು. ಆಂಡ್ರೆ ತರುಣನಾಗಿದ್ದಾಗಲೇ ಒಮ್ಮೆ ಸ್ವಾಲ್ಬಾರ್ಡ್‌ಗೆ ಬಂದಿದ್ದ. 1882-83ರ ಅಂತಾರಾಷ್ಟ್ರೀಯ ಧ್ರುವ ವರ್ಷದಲ್ಲಿ ಸ್ವೀಡನ್ನಿನ ತಂಡದ ಜತೆ ಕಾಪ್ ಥೋರ್ಡ್‌ಸೆನ್ ಎಂಬಲ್ಲಿ ಒಂದು ವರ್ಷ ಕಳೆದಿದ್ದ. ಅವರು ಬಳಸಿದ ಮನೆಗೆ ಆಗಲೇ ಕೆಟ್ಟ ಹೆಸರಿತ್ತು. 1872ರಲ್ಲಿ ಕಟ್ಟಿದ್ದು, 'ಸ್ವೀಡಿಷರ ಮನೆ' ಅನ್ನುತ್ತಾರೆ. ಅದೇ ಶರತ್ಕಾಲದಲ್ಲಿ ನಾರ್ವೆಯ ಸೀಲ್ ಬೇಟೆಗಾರರ ಹಡಗುಗಳು ಉತ್ತರದಲ್ಲಿ ಮಂಜಿಗೆ ಸಿಕ್ಕಿಬಿದ್ದವು. ಹದಿನೇಳು ಜನ ದೋಣಿ ಹುಟ್ಟುಹಾಕಿಕೊಂಡು ಬಂದು ಈ ಮನೆ ಸೇರಿದರು. ಬೆಚ್ಚನೆ ಮನೆ, ಸೌದೆ, ಡಬ್ಬಿಗಟ್ಟಲೆ ಆಹಾರ. ಬದುಕಿದೆವು ಅಂದುಕೊಂಡಿರಬೇಕು. ಬೇಸಿಗೆಯಲ್ಲಿ ಹಡಗು ಬಂದಾಗ ಹದಿನೇಳೂ ಜನ ಸತ್ತಿದ್ದರು. ಸ್ಕರ್ವಿ ಅಂದರು, ಸೋಮಾರಿಗಳು, ಓಡಾಡದೆ ಮಲಗಿ ಸತ್ತರು ಅಂತಲೂ ಅಂದರು. 2008ರಲ್ಲಿ ಅನುಮತಿ ಪಡೆದು ಸಮಾಧಿ ತೆರೆದು ಮೂಳೆ ಪರೀಕ್ಷಿಸಿದಾಗ ಸಿಕ್ಕಿದ್ದು ಸೀಸ. ಡಬ್ಬಿಗಳ ಬೆಸುಗೆಯ ಸೀಸ ಊಟದಲ್ಲಿ ಸೇರಿ ವಿಷವಾಗಿತ್ತು. ಮನೆಯ ಹಿಂದೆ ಎಸೆದ ಖಾಲಿ ಡಬ್ಬಿಗಳು ಅಲ್ಲೇ ಬಿದ್ದಿದ್ದವು. ಕಸ ಅಂತ ಯಾರಾದರೂ ಗುಡಿಸಿಬಿಟ್ಟಿದ್ದರೆ, ಸಮಾಧಿ ಯಾರಾದರೂ ಕದಡಿದ್ದರೆ, ಆ ಹದಿನೇಳು ಜನ ಇಂದಿಗೂ ಸೋಮಾರಿಗಳಾಗಿಯೇ ಇರುತ್ತಿದ್ದರು. ಬಡಾಯಿ ಅನ್ನಿಸಿದ್ದು ಬಡಾಯಿಯಲ್ಲ ಅಂತ ನನಗೆ ಹೊಳೆದದ್ದು ಇಲ್ಲಿ.

ಹದಿನೆಂಟನೇ ಶತಮಾನದಲ್ಲಿ ಬಿಳಿ ಸಮುದ್ರದ ಕಡೆಯಿಂದ ಬಂದ ರಷ್ಯದ ಪೊಮೊರ್ ಬೇಟೆಗಾರರೂ ಇದ್ದರು, ಎತ್ತರದ ಮರದ ಶಿಲುಬೆ ನೆಡುತ್ತಿದ್ದವರು. ಅವರ ನೆಲೆಗಳನ್ನು ನಾನು ನೋಡಲಿಲ್ಲ. ಯುದ್ಧಕಾಲದ ಒಂದು ನೆಲೆಯನ್ನಂತೂ ಯಾರೂ ನೋಡುವಂತಿಲ್ಲ. ಈಶಾನ್ಯ ದ್ವೀಪದ 'ಹೌಡೆಗೆನ್' ಎಂಬ ಜರ್ಮನ್ ಹವಾಮಾನ ಕೇಂದ್ರ ಅದು. ಅಲ್ಲಿದ್ದ ಹನ್ನೊಂದು ಜನ 1945ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಶರಣಾದರು, ಜರ್ಮನಿ ಸೋತು ನಾಲ್ಕು ತಿಂಗಳಾದ ಮೇಲೆ. ಅದೂ ಯಾರಿಗೆ? ಕರೆದೊಯ್ಯಲು ಬಂದ ನಾರ್ವೆಯ ಸೀಲ್ ಬೇಟೆ ಹಡಗಿನ ಕಪ್ತಾನನಿಗೆ. 1945ರ ಗೆರೆಯೊಳಗೆ ಕೊನೇ ಘಳಿಗೆಯಲ್ಲಿ ನುಸುಳಿಕೊಂಡ ಸ್ಮಾರಕ.

ದಕ್ಷಿಣಕ್ಕೆ ಮರಳುವಾಗ ಕಾಂಗ್ಸ್ ಫಿಯೋರ್ಡ್‌ನಲ್ಲಿ ಬ್ಲೋಮ್‌ಸ್ಟ್ರಾಂಡ್ ಎಂಬಲ್ಲಿ ಇಳಿದೆವು. ಅಲ್ಲಿಯ ಹಳೇ ನೆಲೆಯ ಹೆಸರು 'ನ್ಯೂ ಲಂಡನ್'! ಅರ್ನೆಸ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಆಂಗ್ಲ ಇಲ್ಲಿ ಅಮೃತಶಿಲೆ ಕಂಡು, 1911ರ ಹೊತ್ತಿಗೆ ಕಂಪನಿಯ ದುಡ್ಡಿನಲ್ಲಿ ಮನೆ, ಕ್ರೇನು, ಹಬೆಯಂತ್ರ, ಹಳಿ ಎಲ್ಲ ತರಿಸಿ ಗಣಿ ತೆಗೆದ. ಕಲ್ಲು ನೋಡಲು ಬಲು ಚೆಂದ. ಆದರೆ ಯುಗಯುಗಗಳ ಹಿಮ ಅದರ ಒಳಗೆಲ್ಲ ಬಿರುಕು ಬಿಡಿಸಿತ್ತು. ಬೆಚ್ಚಗಿನ ನಾಡಿಗೆ ಸಾಗಿಸಿದರೆ ಪುಡಿಪುಡಿ. ಕಬ್ಬಿಣದ ಬಾಯ್ಲರುಗಳು ಇಂದಿಗೂ ಅಲ್ಲೇ ನಿಂತಿವೆ, ಮೋಸ ಹೋದವರ ಹಾಗೆ. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ. ಇಷ್ಟೂ ವರ್ಷ ಪರ್ಯಾಯ ದ್ವೀಪವೆಂದೇ ನಕ್ಷೆಯಲ್ಲಿದ್ದ ಆ ಜಾಗ ಹಿಮನದಿ ಹಿಂದೆ ಸರಿದ ಮೇಲೆ ಪೂರ್ತಿ ದ್ವೀಪವೆಂದು ತಿಳಿಯಿತು. ನಕ್ಷೆ ಬರೆಯುವವರ ಕಷ್ಟ ನಕ್ಷೆ ಬರೆಯುವವರಿಗೇ ಗೊತ್ತು.

ಮ್ಯಾನ್ಸ್‌ಫೀಲ್ಡ್‌ನ ಕೆಲವು ಮನೆಗಳನ್ನು ಕಳಚಿ ಎದುರು ದಡದ ನೀ-ಓಲೆಸುಂಡ್‌ಗೆ ಸಾಗಿಸಿದ್ದರು. ಆ ಊರು ಕಲ್ಲಿದ್ದಲು ಗಣಿಗೆಂದು ಕಟ್ಟಿದ್ದು. 1962ರ ಸ್ಫೋಟದಲ್ಲಿ 21 ಜನ ಸತ್ತ ಮೇಲೆ ಗಣಿ ಮುಚ್ಚಿತು. ಈಗ ಹಲವು ದೇಶಗಳ ಸಂಶೋಧಕರ ನೆಲೆ. ಊರ ಹೊರಗೆ ಒಂದು ಕಬ್ಬಿಣದ ಗೋಪುರವಿದೆ. 1926ರ ಮೇ 11ರಂದು ಧ್ರುವ ಸಾಹಸಿಗಳಾದ ಅಮುಂಡ್‌ಸೆನ್, ಎಲ್ಸ್‌ವರ್ತ್, ನೊಬಿಲೆ ಇದ್ದ 'ನಾರ್ವೆ' ವಾಯುನೌಕೆ ಅಲ್ಲಿಂದ ಹೊರಟು ಧ್ರುವದ ಮೇಲೆ ಹಾದು ಅಲಾಸ್ಕ ಸೇರಿತು. ಎರಡು ವರ್ಷದ ಮೇಲೆ ನೊಬಿಲೆಯ ಇನ್ನೊಂದು ವಾಯುನೌಕೆ ಬಿದ್ದಾಗ, ಹುಡುಕಲು ವಿಮಾನದಲ್ಲಿ ಹೋದ ಅಮುಂಡ್‌ಸೆನ್ ಮತ್ತೆ ಬರಲೇ ಇಲ್ಲ.

ಅಳತೆಯ ಉಪಕರಣಗಳಿಗೆ ತೊಂದರೆಯಾಗಬಾರದೆಂದು ಆ ಊರಿನಲ್ಲಿ ಮೊಬೈಲಿನ ವೈಫೈ, ಬ್ಲೂಟೂತ್ ಎಲ್ಲ ಆರಿಸಬೇಕು. ಫೋನು ಚೀಲದಲ್ಲಿಟ್ಟು ಬಣ್ಣದ ಮರದ ಮನೆಗಳ ನಡುವೆ ನಡೆಯುತ್ತಿದ್ದಾಗ ಒಂದು ಬಾಗಿಲ ಬಳಿ ಕಣ್ಣು ನಿಂತಿತು: ಹಿಮಾದ್ರಿ. 2008ರ ಜುಲೈ 1ರಂದು ತೆರೆದ ಭಾರತದ ಸಂಶೋಧನಾ ಕೇಂದ್ರ, ಗೋವಾದ ಧ್ರುವ ಮತ್ತು ಸಾಗರ ಸಂಶೋಧನಾ ಸಂಸ್ಥೆ ನಡೆಸುವುದು. ನಾನು ಸುಮ್ಮನೆ ಐದು ನಿಮಿಷ ನಿಂತೆ. ಆಮೇಲೆ ತಿಳಿಯಿತು, ನಮ್ಮ ನಂಟು ಅದಕ್ಕೂ ಹಳೆಯದು. ಸ್ವಾಲ್ಬಾರ್ಡ್ ಮೇಲೆ ನಾರ್ವೆಯ ಒಡೆತನ ಒಪ್ಪಿದ, ಸಹಿ ಹಾಕಿದ ದೇಶಗಳವರಿಗೆಲ್ಲ ಅಲ್ಲಿ ದುಡಿಯುವ ಹಕ್ಕು ಕೊಟ್ಟ 1920ರ ಪ್ಯಾರಿಸ್ ಒಪ್ಪಂದದಲ್ಲಿ ಭಾರತದ ಹೆಸರಿನಲ್ಲೂ ಒಂದು ಸಹಿ ಇದೆ. ಹಾಕಿದ್ದು ಬ್ರಿಟಿಷ್ ರಾಯಭಾರಿ, ನಮ್ಮನ್ನು ಯಾರೂ ಕೇಳಿರಲಿಲ್ಲ ಅನ್ನಿ.

ಇಷ್ಟೆಲ್ಲ ಕಾದದ್ದು ಕಾನೂನಿಗಿಂತ ಹೆಚ್ಚಾಗಿ ಚಳಿ. ಆ ಕಾವಲುಗಾರ ಈಗ ಕೆಲಸ ಬಿಡುತ್ತಿದ್ದಾನೆ. 1971ರಿಂದ 2017ರ ನಡುವೆ ಸ್ವಾಲ್ಬಾರ್ಡ್‌ನ ಉಷ್ಣತೆ 3ರಿಂದ 5 ಡಿಗ್ರಿ ಏರಿದೆ. ಹಿಂದೆ ಚಳಿಗಾಲದಲ್ಲಿ ಕಡಲ ಮೇಲೆ ಹೆಪ್ಪುಗಟ್ಟಿದ ಮಂಜು ದಡಕ್ಕೆ ಗೋಡೆಯಂತಿತ್ತು, ಬಿರುಗಾಳಿಯ ಅಲೆಗಳನ್ನು ತಡೆಯುತ್ತಿತ್ತು. ಈಗ ಬಹಳ ಕಡೆ ಕಡಲು ಚಳಿಗಾಲದಲ್ಲೂ ತೆರೆದೇ ಇರುತ್ತದೆ. ಅಲೆ ನೇರವಾಗಿ ಬಂದು ಕರಗಿ ಸಡಿಲವಾದ ಮಣ್ಣನ್ನು ಕೊರೆಯುತ್ತದೆ. ಎಲ್ಲರೂ ಕಡಲ ದಾರಿಯಲ್ಲಿ ಬಂದವರಾದ್ದರಿಂದ ಎಲ್ಲರ ಮನೆಯೂ ದಡದಲ್ಲೇ. ಮೂವತ್ತೆಂಟು ಚಳಿಗಾಲ ಸ್ವಾಲ್ಬಾರ್ಡ್‌ನಲ್ಲಿ ಕಳೆದ ಹಿಲ್ಮಾರ್ ನೋಯಿಸ್ ಎಂಬ ಬೇಟೆಗಾರನ 'ಫ್ರೆಡ್‌ಹೈಮ್' ಮನೆ ಇನ್ನೇನು ಕಡಲಿಗೆ ಬೀಳುತ್ತದೆ ಅನ್ನುವಾಗ, 2015ರಲ್ಲಿ ಅದನ್ನು ಇಡಿಯಾಗಿ ಒಳಕ್ಕೆ ಸರಿಸಿದರು. ಮನೆಯನ್ನು ಸರಿಸಬಹುದು. ಸಮಾಧಿಯನ್ನು, ಕೊಬ್ಬಿನ ಬಳೆಯನ್ನು? ಲಿಕ್‌ನೆಸೆಟ್‌ನಲ್ಲಿ 1980ರ ದಶಕದಲ್ಲಿ ಅಗೆದಾಗ ಉಡುಪುಗಳು ಚೆನ್ನಾಗಿದ್ದವು. 2016ರಿಂದೀಚೆಗೆ ಮತ್ತೆ ಅಗೆದ ಸಂಶೋಧಕರಿಗೆ ಸಿಕ್ಕ ಬಟ್ಟೆ ಬಹಳ ಹಾಳಾಗಿತ್ತು.

ಎಲ್ಲವನ್ನೂ ಉಳಿಸಲಾಗದು ಅಂತ ನಾರ್ವೆಯವರೂ ಒಪ್ಪಿಕೊಂಡಿದ್ದಾರೆ. ಯಾವುದಕ್ಕೆ ಮೊದಲ ಗಮನ ಅಂತ ಪಟ್ಟಿ ಮಾಡಿದ್ದಾರೆ. ಪಟ್ಟಿಯ ಹೊರಗಿನವನ್ನು ಯಾರೂ ಮುಟ್ಟಬಾರದು, ಆದರೆ ಕಡಲು ಒಯ್ದರೆ ಒಯ್ಯಲಿ. ಇದನ್ನು ಕೇಳಿದಾಗ ಗೈಡ್ ಜತೆ ಸ್ವಲ್ಪ ವಾದ ಮಾಡಿದೆ. ನನ್ನ ಮೊಳೆಯ ಚೂರನ್ನು ನಾನು ಒಯ್ಯಬಾರದು, ಮುಂದಿನ ಬಿರುಗಾಳಿ ಒಯ್ಯಬಹುದು, ಇದ್ಯಾವ ನ್ಯಾಯ? ಅವಳು ಸ್ವಲ್ಪ ಯೋಚಿಸಿ, "ಬಿರುಗಾಳಿಗೆ ಮನೆಯಲ್ಲಿ ಶೋಕೇಸ್ ಇಲ್ಲವಲ್ಲ" ಅಂದಳು. ನಾನು ಸುಮ್ಮನಾದೆ.

ಕೊನೆಯ ದಿನ ಲಾಂಗ್‌ಇಯರ್‌ಬೀನ್ ಪಟ್ಟಣ. ಹೋಟೆಲು, ಮ್ಯೂಸಿಯಂ ಎಲ್ಲೇ ಹೋದರೂ ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ನಮ್ಮ ಮನೆಗಳ ಹಾಗೆ. ಗಣಿ ಕಾಲದ ಅಭ್ಯಾಸವಂತೆ, ಕಲ್ಲಿದ್ದಲ ಮಸಿ ಒಳಗೆ ಬರದಿರಲಿ ಅಂತ. ಬೆಟ್ಟದ ಇಳಿಜಾರಿನಲ್ಲಿ ಕಲ್ಲಿದ್ದಲ ತೊಟ್ಟಿಗಳು ತೂಗಿ ಬರುತ್ತಿದ್ದ ತಂತಿಮಾರ್ಗದ ಮರದ ಕಂಬಗಳು ಸಾಲಾಗಿ ನಿಂತಿವೆ. ಸ್ಮಾರಕಗಳೇ. ಬೆಟ್ಟದ ಬುಡದ ಸ್ಮಶಾನದಲ್ಲಿ ಬಿಳಿ ಶಿಲುಬೆಗಳು. ಅದರಲ್ಲಿ ಏಳು 1918ರ ಇನ್‌ಫ್ಲುಯೆಂಜಾಕ್ಕೆ ಬಲಿಯಾದ ಎಳೆಯ ಹುಡುಗರವು, ಗಣಿಯ ಕೆಲಸಕ್ಕೆಂದು ಬಂದವರು. 1998ರಲ್ಲಿ ವಿಜ್ಞಾನಿಗಳು ಆ ವೈರಾಣು ಹುಡುಕಲು ಸಮಾಧಿ ತೆರೆದರು. ಹೆಪ್ಪುನೆಲದಲ್ಲಿ ಇರಬೇಕಾದ ಪೆಟ್ಟಿಗೆಗಳು ಮೇಲಿನ ಕರಗುವ ಮಣ್ಣಿನಲ್ಲಿದ್ದವು.

ಊರಿಗೆ ಬಂದ ಮೇಲೆ ಸ್ಮೇರೆನ್‌ಬರ್ಗ್‌ನ ಪೆನ್ಸಿಲ್ ನಕ್ಷೆಯನ್ನು ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಬರೆಯಲು ಕೂತೆ. ಯಾರೂ ಕೇಳಿದ್ದಲ್ಲ, ಅಭ್ಯಾಸ. ನಮ್ಮಲ್ಲಿ ಕಣ್ಣಿಗೆ ಕಾಣುವ ಗೋಡೆಗೆ ಗಟ್ಟಿ ಗೆರೆ. ಇತ್ತು, ಆದರೆ ಈಗ ಇಲ್ಲ ಎನ್ನುವುದಕ್ಕೆ ಚುಕ್ಕೆ ಗೆರೆ. ಕೊಬ್ಬಿನ ಬಳೆಗೆ ಗಟ್ಟಿ ಗೆರೆ ಹಾಕಿದೆ. ಅದರ ಮಧ್ಯೆ ಇಲ್ಲದ ಇಟ್ಟಿಗೆ ಒಲೆಗೆ ಚುಕ್ಕೆ. ಮರದ ಚೂರಿಗೆ ಸಣ್ಣ ಆಯತ, ಮೊಳೆಯ ತಲೆ ಈಶಾನ್ಯಕ್ಕೆ. ಕಡಲಂಚಿನ ಗೆರೆಗೆ ಬಂದಾಗ ಪೆನ್ನು ಎತ್ತಿ ಹಿಡಿದು ಬಹಳ ಹೊತ್ತು ಕೂತೆ. ಕೊನೆಗೆ ಆ ಗೆರೆಯನ್ನು ಪೆನ್ಸಿಲಿನಲ್ಲೇ ಬಿಟ್ಟು, ಪಕ್ಕದಲ್ಲಿ ನಾನು ಹೋದ ವರ್ಷ, ತಿಂಗಳು, ತಾರೀಕು ಬರೆದೆ.